ಹಿಡಿತದ ಬೆಲೆ ತೆರುವವರು ಯಾರು?

ಸ್ಪೋರ್ಟ್ಸ್ ಕಾರಿಗೆ ಅತ್ಯುತ್ತಮ ಟೈರು ಯಾವುದೆಂಬ ಪ್ರಶ್ನೆಗೆ ಮಾರುಕಟ್ಟೆಯ ಉತ್ತರ ಒಂದೇ: ತಿರುವಿನಲ್ಲಿ ರಸ್ತೆಯನ್ನು ಬಿಗಿಯಾಗಿ ಹಿಡಿಯುವಂಥದು. ಆ ಹಿಡಿತ ಬರುವುದು ಮೃದು ರಬ್ಬರಿನಿಂದ. ಮೃದು ರಬ್ಬರು ಬೇಗ ಸವೆಯುತ್ತದೆ. ಅಮೆರಿಕದ ನಿಯಮದಂತೆ ಸವೆತದ ಅಂಕವು ಟೈರಿನ ಮೇಲೆಯೇ ಅಚ್ಚಾಗಿರುತ್ತದೆ. ಅಂಕ ಕಡಿಮೆಯಾದಷ್ಟೂ ಸವೆತ ಹೆಚ್ಚು. ದಿನಬಳಕೆಯ ಎಷ್ಟೋ ಟೈರುಗಳಲ್ಲಿ ಅದು 500ನ್ನು ದಾಟಿದರೆ, ಸ್ಪೋರ್ಟ್ಸ್ ಕಾರಿನ ಟೈರುಗಳಲ್ಲಿ 200ರವರೆಗೂ ಇಳಿಯುತ್ತದೆ. ಕೊಳ್ಳುವವನು ಇದನ್ನು ತನ್ನ ಜೇಬಿನ ಲೆಕ್ಕವೆಂದಷ್ಟೇ ಓದುತ್ತಾನೆ. ಆದರೆ ಸವೆದ ರಬ್ಬರು ಹೋಯಿತೆಲ್ಲಿಗೆ?

ಉತ್ತರ ಅಮೆರಿಕದ ಸಿಯಾಟಲ್ ಸುತ್ತಲಿನ ತೊರೆಗಳಲ್ಲಿದೆ. ಮೊಟ್ಟೆಯಿಡಲು ಸಮುದ್ರದಿಂದ ಮರಳುವ ಕೊಹೊ ಸಾಲ್ಮನ್ ಮೀನುಗಳು ಅಲ್ಲಿ ಮಳೆ ಬಿದ್ದೊಡನೆ ಸಾಯುತ್ತಿದ್ದವು. ವಿಜ್ಞಾನಿಗಳು ಕಾರಣವನ್ನು 2020ರಲ್ಲಿ ಪ್ರಕಟಿಸಿದರು. ಟೈರು ಬಿರುಕುಬಿಡದಂತೆ ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕವು ಗಾಳಿಯ ಓಝೋನಿನಿಂದ ವಿಷವಾಗಿ ಮಾರ್ಪಡುತ್ತದೆ. ಮಳೆನೀರು ಅದನ್ನು ತೊರೆಗೆ ಒಯ್ಯುತ್ತದೆ. ಸಾಮಾನ್ಯ ಟೈರುಗಳಲ್ಲೂ ಇದೇ ರಾಸಾಯನಿಕವಿದೆ, ನಿಜ. ಆದರೆ ಬೇಗ ಸವೆಯುವ ಟೈರು ಹೆಚ್ಚು ಉದುರಿಸುತ್ತದೆ.

ಹಿಡಿತವೆಂದರೆ ಸುರಕ್ಷತೆ ಎಂಬ ವಾದವಿದೆ. ಒದ್ದೆ ರಸ್ತೆಯಲ್ಲಿ ವಾಹನವನ್ನು ನಿಲ್ಲಿಸುವ ಹಿಡಿತ ಎಲ್ಲರಿಗೂ ಬೇಕು. ಮೋಜಿಗಾಗಿ ತಿರುವನ್ನು ಅತಿವೇಗದಲ್ಲಿ ದಾಟಿಸುವ ಹಿಡಿತ ಸುರಕ್ಷತೆಯಲ್ಲ, ಚಟ.

ಐರೋಪ್ಯ ಒಕ್ಕೂಟವು 2024ರ ಯೂರೋ 7 ನಿಯಮದಲ್ಲಿ ಟೈರಿನ ಸವೆತವನ್ನೂ ಮಿತಿಗೊಳಪಡಿಸಿದೆ. ಘಟ್ಟದ ರಸ್ತೆಯ ಮಳೆನೀರು ನೇರ ಹಳ್ಳಕ್ಕಿಳಿಯುವ ಮಲೆನಾಡಿಗೂ ಆ ಲೆಕ್ಕ ಬೇಕು. ಕೊಹೊ ಇಲ್ಲಿಲ್ಲ, ಬೇರೆ ಮೀನುಗಳಿವೆ, ಹಳ್ಳವನ್ನೇ ನಂಬಿದ ಜನರಿದ್ದಾರೆ. ಹಳ್ಳಕ್ಕೆ ಎಷ್ಟು ಉದುರಿಸುತ್ತದೆಂದು ಹೇಳದ ಟೈರನ್ನು ಅತ್ಯುತ್ತಮವೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ.