ಕ್ಯಾಮೆರಾ ಕಂಡ ದಾರಿ, ಕಣ್ಣು ಕಂಡ ದಾರಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಮಳೆ ಬಿದ್ದು ಕಾಡು ಹಸುರೇರಿತೆಂದರೆ, ದಾರಿಗಳಲ್ಲಿ ಮೋಟಾರು ಸೈಕಲ್ಲುಗಳ ಸಾಲು ಕಾಣತೊಡಗುತ್ತದೆ. ಸವಾರರಲ್ಲಿ ಹಲವರ ಹೆಲ್ಮೆಟ್ಟಿನ ಮೇಲೋ ಬೈಕಿನ ಹ್ಯಾಂಡಲಿನ ಮೇಲೋ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದೊಂದು ಕ್ಯಾಮೆರಾ ಕುಳಿತಿರುತ್ತದೆ. ತುಂಗೆಯ ದಡ, ಅಡಕೆಯ ತೋಟ, ಭದ್ರಾ ಜಲಾಶಯದ ಹಿನ್ನೀರು, ಇವೆಲ್ಲವೂ ಅದರೊಳಗೆ ಸೇರಿ, ಮೇಲೊಂದಿಷ್ಟು ಸಂಗೀತವನ್ನು ಹೊದ್ದು, ಕೆಲವೇ ದಿನಗಳಲ್ಲಿ ನಮ್ಮ ವಿದ್ಯಾರ್ಥಿಗಳ ಕೈಯ ಫೋನುಗಳಲ್ಲಿ ಮೂಡುತ್ತವೆ.

ಈ ಹವ್ಯಾಸವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ತನ್ನ ಊರಿನ ದಾರಿಯನ್ನು ಪ್ರೀತಿಯಿಂದ ನೋಡಿ, ಇತರರಿಗೂ ತೋರಿಸಬೇಕೆನ್ನುವ ಬಯಕೆ ಒಳ್ಳೆಯದೇ ಆಗಿದೆ. ಆದರೆ ಇಂತಹ ಚಿತ್ರಗಳು, ತೆಗೆದವರಿಗೂ ಅರಿವಿಲ್ಲದಂತೆ, ಮೂರು ವಿಷಯಗಳಲ್ಲಿ ಸುಳ್ಳು ನುಡಿಯುತ್ತವೆ: ವೇಗದ ವಿಷಯದಲ್ಲಿ, ರಸ್ತೆಯ ವಿಷಯದಲ್ಲಿ, ಶಬ್ದದ ವಿಷಯದಲ್ಲಿ. ಈ ಸುಳ್ಳನ್ನು ನಿಜವೆಂದು ನಂಬಿದ ತರುಣನು ಅದೇ ತಿರುವಿಗೆ ತನ್ನ ಬೈಕನ್ನು ಒಯ್ದಾಗ, ಬೆಲೆ ತೆರಬೇಕಾದವನು ಅವನೇ. ಆದ್ದರಿಂದಲೇ ಈ ಲೇಖನ.

ಮೊದಲನೆಯದಾಗಿ ವೇಗ. ನಾವು ವೇಗವನ್ನು ಕಣ್ಣಿನಿಂದ ಅಳೆಯುವುದು ನೆಲವು ನಮ್ಮತ್ತ ಎಷ್ಟು ಬೇಗ ಹರಿದುಬರುತ್ತದೆಂಬುದರ ಮೇಲೆ. ಈ ಹರಿವು ವೇಗವೊಂದನ್ನೇ ಅವಲಂಬಿಸಿಲ್ಲ. ವೇಗವನ್ನು ನೋಟದ ಎತ್ತರದಿಂದ ಭಾಗಿಸಿದರೆ ಬರುವ ಪ್ರಮಾಣವನ್ನು ಅವಲಂಬಿಸಿದೆ. ಸವಾರನ ಕಣ್ಣು ನೆಲದಿಂದ ಸುಮಾರು 1.5 ಮೀಟರು ಮೇಲಿದೆಯೆಂದೂ, ಕ್ಯಾಮೆರಾವನ್ನು ಎಂಜಿನ್ನಿನ ಬಳಿ 0.5 ಮೀಟರು ಎತ್ತರದಲ್ಲಿ ಕಟ್ಟಿದೆಯೆಂದೂ ಇಟ್ಟುಕೊಳ್ಳೋಣ. ಆಗ ಗಂಟೆಗೆ 30 ಕಿಲೋಮೀಟರು ವೇಗದ ಸವಾರಿಯಲ್ಲಿ ಕ್ಯಾಮೆರಾ ಕಾಣುವ ನೆಲದ ಹರಿವು, ಸವಾರನ ಕಣ್ಣಿಗೆ 90 ಕಿಲೋಮೀಟರು ವೇಗದಲ್ಲಿ ಕಾಣುವಷ್ಟಿರುತ್ತದೆ! ಇದರ ಮೇಲೆ ಚಿತ್ರದ ಓಟವನ್ನೇ ಒಂದೂವರೆ ಪಟ್ಟು ಹೆಚ್ಚಿಸಿದರಂತೂ ಹೇಳುವುದೇ ಬೇಡ. ಪ್ರೇಕ್ಷಕನು ಮಾತ್ರ, "ಈ ತಿರುವಿನಲ್ಲಿ ಅಷ್ಟು ವೇಗವಾಗಿ ಹೋಗಬಹುದು" ಎಂಬ ಪಾಠವನ್ನು ಕಲಿತುಬಿಡುತ್ತಾನೆ.

ಮಸೂರದ ಪಾತ್ರವೂ ಇದರಲ್ಲುಂಟು. ಈ ಕ್ಯಾಮೆರಾಗಳ ಮಸೂರವು ಬಹು ಅಗಲವಾದ ನೋಟವನ್ನು ಚಿಕ್ಕ ಚೌಕಟ್ಟಿನಲ್ಲಿ ಹಿಡಿಯತಕ್ಕದ್ದು. ಅದರ ಫಲವಾಗಿ ಅಂಚಿನ ಮರಗಳು ಹಿಗ್ಗಿ ಹಿಂದಕ್ಕೆ ಧಾವಿಸುತ್ತವೆ. ನಡುವೆ ಇರುವ ವಸ್ತುಗಳು ಕುಗ್ಗಿ ದೂರದಲ್ಲಿರುವಂತೆ ತೋರುತ್ತವೆ. ಎದುರಿನಿಂದ ಬರುವ ಬಸ್ಸು ಚಿತ್ರದಲ್ಲಿ ಇನ್ನೂ ದೂರವಿದೆ. ರಸ್ತೆಯಲ್ಲಿ ಅದು ಆಗಲೇ ಹತ್ತಿರ ಬಂದಿದೆ.

ಎರಡನೆಯದು ರಸ್ತೆ. ಕ್ಯಾಮೆರಾದೊಳಗಿನ ಸೂಕ್ಷ್ಮ ಗೈರೋಸ್ಕೋಪು ಅದರ ಪ್ರತಿಯೊಂದು ಓಲಾಟವನ್ನೂ ಅಳೆಯುತ್ತದೆ. ಚಿತ್ರದ ಅಂಚುಗಳನ್ನು ಕತ್ತರಿಸಿ, ಉಳಿದ ಭಾಗವನ್ನು ವಿರುದ್ಧ ದಿಕ್ಕಿಗೆ ಸರಿಸಿ, ಅಲುಗಾಟವನ್ನು ಅಳಿಸಿಹಾಕಲಾಗುತ್ತದೆ. ಇದೊಂದು ಜಾಣ ಉಪಾಯವೆಂಬುದು ನಿರ್ವಿವಾದ. ಆದರೆ ಅಳಿಸಿಹೋದದ್ದು ಅಲುಗಾಟ ಮಾತ್ರವಲ್ಲ, ಹೊಂಡಗಳ ಸುದ್ದಿಯೂ ಅಳಿಸಿತು. ಸವಾರನ ಬೆನ್ನೆಲುಬಿಗೆ ತಿಳಿದದ್ದು ಪ್ರೇಕ್ಷಕನ ಕಣ್ಣಿಗೆ ತಿಳಿಯದು. ಎಂಜಿನ್ನಿನ ಕಂಪನವು ಎಂತಹ ಬಲವುಳ್ಳದ್ದೆಂಬುದಕ್ಕೆ ಒಂದು ಮಾತು ಸಾಕು: ಬಲಿಷ್ಠವಾದ ಮೋಟಾರು ಸೈಕಲ್ಲುಗಳಿಗೆ ನೇರವಾಗಿ ಕಟ್ಟಿದರೆ ಫೋನಿನ ಕ್ಯಾಮೆರಾದ ಸ್ಥಿರೀಕರಣ ವ್ಯವಸ್ಥೆ ಕೆಡಬಹುದೆಂದು ಆಪಲ್ ಸಂಸ್ಥೆಯೇ 2021ರಲ್ಲಿ ಎಚ್ಚರಿಸಿತು.

ಮೂರನೆಯದು ಶಬ್ದ. ಗಾಳಿಯ ಬಡಿತವು ಕರ್ಕಶವೆಂದು ಮೂಲ ಧ್ವನಿಯನ್ನು ತೆಗೆದು, "ರಾಯಲ್ಟಿ ಇಲ್ಲದ" ಸಂಗೀತವನ್ನು ಕೂಡಿಸುವುದು ಈಗಿನ ರೂಢಿ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ರಾಯಲ್ಟಿ ಇಲ್ಲವೆಂದರೆ ಒಡೆಯನಿಲ್ಲವೆಂದಲ್ಲ. ಪ್ರತಿ ಸಲದ ಬಳಕೆಗೂ ಹಣ ತೆರಬೇಕಾಗಿಲ್ಲವೆಂದಷ್ಟೇ ಅರ್ಥ. ಷರತ್ತುಗಳು ಇದ್ದೇ ಇರುತ್ತವೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳನ್ನೇ ನೋಡಿರಿ: ಅವುಗಳಲ್ಲಿ ಹೆಚ್ಚಿನವು ಕರ್ತೃವಿನ ಹೆಸರನ್ನು ಹೇಳಲೇಬೇಕೆನ್ನುತ್ತವೆ, ಕೆಲವು ಹಣಗಳಿಕೆಯ ಬಳಕೆಯನ್ನು ತಡೆಯುತ್ತವೆ, ರೂಪಾಂತರವನ್ನು ನಿಷೇಧಿಸುವ ಪರವಾನಗಿಯುಳ್ಳ ಸಂಗೀತವನ್ನು ಚಲಚ್ಚಿತ್ರಕ್ಕೆ ಹೊಂದಿಸುವಂತೆಯೇ ಇಲ್ಲ. ಇನ್ನು ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆಯಿದೆ. ಪುರಂದರದಾಸರ ಕೀರ್ತನೆ 16ನೆಯ ಶತಮಾನದ್ದು, ಅದು ಎಲ್ಲರದು. ಆದರೆ ಅದನ್ನು ಇಂದಿನ ಗಾಯಕರು ಹಾಡಿದ ಧ್ವನಿಮುದ್ರಣಕ್ಕೆ ಪ್ರಕಟವಾದಂದಿನಿಂದ 60 ವರ್ಷಗಳ ಹಕ್ಕುಂಟು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರು 1994ರಲ್ಲಿ ತೀರಿಕೊಂಡರು. ಅವರ ಕೃತಿಗಳ ಸ್ವಾಮ್ಯ ಸಾಮಾನ್ಯವಾಗಿ 2054ರ ಕೊನೆಯವರೆಗೂ ಇರುತ್ತದೆ. ನಮ್ಮ ಊರಿನ ಕವಿಯೆಂಬ ಅಭಿಮಾನವು ಅನುಮತಿಗೆ ಬದಲಾಗಲಾರದು.

ಕಾನೂನಿಗಿಂತಲೂ ದೊಡ್ಡ ಮಾತೊಂದುಂಟು. ಘಟ್ಟದ ತಿರುವಿನಲ್ಲಿ ಕಣ್ಣಿಗೆ ಕಾಣದ್ದನ್ನು ಕಿವಿ ಕಾಣುತ್ತದೆ. ಆಚೆಯಿಂದ ಬರುವ ಲಾರಿಯ ಹಾರನ್ನು, ಒದ್ದೆ ನೆಲದ ಮೇಲೆ ಚಕ್ರದ ಸದ್ದು, ತಗ್ಗುವ ಎಂಜಿನ್ನಿನ ಸ್ವರ, ಇವೆಲ್ಲ ಸವಾರನಿಗೆ ದೊರೆಯುವ ಮುನ್ಸೂಚನೆಗಳು. ಅವನ್ನು ಅಳಿಸಿ ತಾಳವಾದ್ಯವನ್ನು ತುಂಬಿದಾಗ, ಅಪಾಯದ ತಿರುವೇ ಉಲ್ಲಾಸದ ತಿರುವಾಗಿ ತೋರುತ್ತದೆ.

ಈಗ ಲೆಕ್ಕವನ್ನು ನೋಡೋಣ. 30 ಮೀಟರು ತ್ರಿಜ್ಯದ ಸಮತಟ್ಟಾದ ತಿರುವೊಂದಿದೆ. ವೇಗದ ವರ್ಗವು ಘರ್ಷಣಾಂಕ, ಗುರುತ್ವ ವೇಗೋತ್ಕರ್ಷ, ತ್ರಿಜ್ಯ ಈ ಮೂರರ ಗುಣಲಬ್ಧವನ್ನು ಮೀರಕೂಡದು. ಒಣ ರಸ್ತೆಯ ಘರ್ಷಣಾಂಕವನ್ನು 0.7 ಎಂದು ಹಿಡಿದರೆ, ಮಿತಿಯು ಗಂಟೆಗೆ ಸುಮಾರು 52 ಕಿಲೋಮೀಟರು. ಮಳೆ, ಪಾಚಿ, ಕೊಳೆತ ಎಲೆಗಳಿಂದ ಅದು 0.35ಕ್ಕೆ ಇಳಿದರೆ, ಮಿತಿಯು 37 ಕಿಲೋಮೀಟರಿಗಿಂತ ಕಡಿಮೆ. ಶೃಂಗೇರಿಗೆ ಸಮೀಪದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುತ್ತದೆಂಬುದನ್ನು ನೆನೆದರೆ, ನಮಗೆ ಯಾವ ಲೆಕ್ಕ ಅನ್ವಯಿಸುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ನಿಲ್ಲಿಸುವ ಮಾತು: 60 ಕಿಲೋಮೀಟರು ವೇಗದಲ್ಲಿ ಬರುವವನು ಅಪಾಯವನ್ನು ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ತೆಗೆದುಕೊಂಡರೂ, ಅಂತಹ ಒದ್ದೆ ರಸ್ತೆಯಲ್ಲಿ ನಿಲ್ಲುವ ಹೊತ್ತಿಗೆ ಸುಮಾರು 57 ಮೀಟರು ಸಾಗಿರುತ್ತಾನೆ. ಮಲೆನಾಡಿನ ಎಷ್ಟು ತಿರುವುಗಳಲ್ಲಿ ನಮಗೆ 57 ಮೀಟರು ಮುಂದೆ ಕಾಣುತ್ತದೆ?

ಹಾಗಾದರೆ ಚಿತ್ರ ತೆಗೆಯುವುದೇ ಬೇಡವೆ? ಬೇಕು, ಆದರೆ ವಿಜ್ಞಾನದ ವಿದ್ಯಾರ್ಥಿಗೆ ತಕ್ಕಂತೆ ತೆಗೆಯಬೇಕು. ಕ್ಯಾಮೆರಾವನ್ನು ಹೊರಡುವ ಮುನ್ನವೇ ಸಜ್ಜುಗೊಳಿಸಿ, ದಾರಿಯಲ್ಲಿ ಮುಟ್ಟದಿರಿ. ಹೆಲ್ಮೆಟ್ಟಿನ ಹೊರಮೈ ನುಣುಪಾಗಿರುವುದು ಬಿದ್ದಾಗ ಜಾರಲೆಂದು. ಅದರ ಮೇಲೆ ಗಟ್ಟಿ ವಸ್ತುವನ್ನು ನಿಲ್ಲಿಸುವುದಕ್ಕಿಂತ ಬೈಕಿನ ಮೇಲೆ ನಿಲ್ಲಿಸುವುದು ಲೇಸು. ಚಿತ್ರದ ಓಟವನ್ನು ಹೆಚ್ಚಿಸಿದ್ದರೆ ಹಾಗೆಂದು ಬರೆಯಿರಿ. ನಿಜವಾದ ವೇಗವನ್ನು ಮೂಲೆಯಲ್ಲಿ ತೋರಿಸಿರಿ. ಅದನ್ನು ಕಂಡುಹಿಡಿಯುವುದು ಸುಲಭ: ಸೆಕೆಂಡಿಗೆ 30 ಬಿಡಿಚಿತ್ರಗಳಂತೆ ತೆಗೆದ ವಿಡಿಯೋದಲ್ಲಿ, ಒಂದು ಕಿಲೋಮೀಟರು ಕಲ್ಲಿನಿಂದ ಮುಂದಿನ ಕಲ್ಲಿಗೆ 2,700 ಚಿತ್ರಗಳಾದರೆ ಕಾಲ 90 ಸೆಕೆಂಡು, ಸರಾಸರಿ ವೇಗ ಗಂಟೆಗೆ 40 ಕಿಲೋಮೀಟರು. ಆಗ ಆಟದ ಸಾಮಾನು ಅಳತೆಯ ಉಪಕರಣವಾಯಿತು.

ಸಂಗೀತವನ್ನು ಆರಂಭಕ್ಕೂ ಮುಕ್ತಾಯಕ್ಕೂ ಇಟ್ಟುಕೊಳ್ಳಿರಿ; ನಡುವಿನ ದಾರಿಯನ್ನು ದಾರಿಯ ಧ್ವನಿಗೇ ಬಿಡಿರಿ. ಬೈಕನ್ನು ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಮಳೆ ನಿಂತ ಮೇಲೆ ಮರದಿಂದ ಉದುರುವ ಹನಿಗಳನ್ನೂ, ಜೀರುಂಡೆಗಳ ಮೊರೆತವನ್ನೂ, ತುಂಗೆಯ ಹರಿವನ್ನೂ ಮುದ್ರಿಸಿಕೊಳ್ಳಿರಿ. ಅದಕ್ಕೆ ಯಾರಿಗೂ ರಾಯಲ್ಟಿ ಕೊಡಬೇಕಾಗಿಲ್ಲ, ಯಾರ ಅನುಮತಿಯೂ ಬೇಕಾಗಿಲ್ಲ. ಅದನ್ನು ಕೇಳಿದ ಬೇರೊಬ್ಬ ತರುಣನೂ ಆ ತಿರುವಿನಲ್ಲಿ ವೇಗವನ್ನು ತಗ್ಗಿಸಿ ಕಿವಿಗೊಟ್ಟರೆ, ನಿಮ್ಮ ಚಿತ್ರ ಸಾರ್ಥಕವಾಯಿತೆಂದೇ ನಾನು ಭಾವಿಸುತ್ತೇನೆ.