ಕಿತ್ತೂರಿನ ಕಲ್ಲಿಗೆ ಲೆಕ್ಕ ಇಟ್ಟವರಾರು?

ನಾಡಿನ ಶಿಲ್ಪವೈಭವವೆಂದರೆ ಬೇಲೂರು, ಹಳೇಬೀಡು, ಸೋಮನಾಥಪುರ ಎಂದು ಶಾಲೆಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸಿದವರು ನಾವೇ. ಕಟ್ಟಿಸಿದವರು ಯಾರು ಎಂಬ ಪ್ರಶ್ನೆಗೆ ರಾಜನ ಹೆಸರನ್ನೋ ದಂಡನಾಯಕನ ಹೆಸರನ್ನೋ ಬರೆದರೆ ಪೂರ್ತಿ ಅಂಕ ಕೊಟ್ಟೆವು. ಕಟ್ಟಿದವರು ಯಾರು ಎಂದು ಕೇಳಲಿಲ್ಲ. 1268ರ ಸೋಮನಾಥಪುರದ ಗುಡಿಯಲ್ಲಿ ವಿಗ್ರಹಗಳ ಕೆಳಗೆ ಮಲ್ಲಿತಮ್ಮ, ಮಸಣಿತಮ್ಮ ಎಂದು ಕೆಲಸಗಾರರೇ ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ಇಂದು ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿಕೊಳ್ಳಲು ಜಗಳವಾಡುವ ಗಿರಣಿ ಕೆಲಸಗಾರನಿಗೆ ಇದರ ಬೆಲೆ ಗೊತ್ತು.

ದೂರದ ಮಾತು ಇರಲಿ, ನಮ್ಮ ತಾಲ್ಲೂಕುಗಳನ್ನೇ ನೋಡೋಣ. ಹೆಗ್ಗಡದೇವನಕೋಟೆಯ ಕಿತ್ತೂರು ಸಾಮಾನ್ಯ ಊರಲ್ಲ. ಅದು ಪುನ್ನಾಟದ ಅರಸರ ರಾಜಧಾನಿ ಕಿತ್ತಿಪುರ. ಪುನ್ನಾಟದಲ್ಲಿ ಹರಳು ಸಿಗುತ್ತದೆಂಬ ಸುದ್ದಿಯನ್ನು ಎರಡನೆಯ ಶತಮಾನದಲ್ಲೇ ಟಾಲೆಮಿ ಬರೆದಿಟ್ಟ. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿಯಿತು. ಆ ಹಳೆಯ ಊರು, ಅದರ ರವಿರಾಮೇಶ್ವರ ಗುಡಿ, ಸುತ್ತಲಿನ ಹಳ್ಳಿಗಳು ನೀರುಪಾಲಾದವು. ಅಣೆಕಟ್ಟು ಬೇಡವಾಗಿತ್ತೆಂದು ನಾವು ಹೇಳುವುದಿಲ್ಲ. ಕಾಲುವೆಯಲ್ಲಿ ನೀರು ಹರಿದರೆ ತಾನೆ ಭತ್ತ, ಭತ್ತ ಬಂದರೆ ತಾನೆ ಗಿರಣಿಗೆ ಕೆಲಸ, ಅಂಗಡಿಗೆ ಗಿರಾಕಿ! ಆದರೆ ಮುಳುಗಿದ್ದರ ಲೆಕ್ಕವನ್ನು ಜನರ ಮುಂದೆ ಇಡಬೇಡವೆ?

ಕನ್ನಂಬಾಡಿ ಕಟ್ಟೆಯಲ್ಲಿ ಮುಳುಗಿದ ವೇಣುಗೋಪಾಲಸ್ವಾಮಿ ಗುಡಿಯನ್ನು ಈ ಶತಮಾನದಲ್ಲಿ ಖೋಡೆ ಪ್ರತಿಷ್ಠಾನದವರು ಕಲ್ಲುಕಲ್ಲಿಗೂ ನಂಬರು ಹಾಕಿ ಬಿಚ್ಚಿ, ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿಸಿದರು. ಸಂತೋಷವೇ. ಆದರೆ ನಾಡಿನ ಆಸ್ತಿ ಉಳಿಯಬೇಕಾದರೆ ಹಣವಂತರ ಮನಸ್ಸು ಕರಗುವ ತನಕ ಕಾಯಬೇಕೆಂಬ ನ್ಯಾಯ ನಮಗೆ ಒಪ್ಪಿಗೆಯಿಲ್ಲ. ಇದು ಸರ್ಕಾರದ ಹೊಣೆ.

ಇನ್ನೊಂದು ಮಾತು. ಕಾವೇರಿಯ ಪ್ರವಾಹಕ್ಕೆ ಸಿಕ್ಕ ಎಡತೊರೆಯ ಜನರಿಗಾಗಿ ನಾಲ್ವಡಿಯವರ ಕಾಲದಲ್ಲಿ ಹೊಳೆಯಿಂದ ದೂರದಲ್ಲಿ ಹೊಸ ಊರು ಎದ್ದಿತು. ಅದೇ ಕೃಷ್ಣರಾಜನಗರ. ಅರ್ಕೇಶ್ವರನ ಕಲ್ಲಿನ ಗುಡಿ ಹಳೆಯ ಎಡತೊರೆಯಲ್ಲೇ ಉಳಿಯಿತು. ಗುಡಿಯನ್ನು ಪರಂಪರೆಯೆನ್ನುವವರು, ಜನ ನೆರೆಯ ಭಯವಿಲ್ಲದೆ ಬಾಳಲೆಂದು ಯೋಜಿಸಿ ಕಟ್ಟಿದ ಬೀದಿಗಳನ್ನೂ ಪರಂಪರೆಯೆನ್ನಬೇಕು. ಮಣ್ಣುಗೋಡೆ, ನಾಡಹೆಂಚಿನ ತೊಟ್ಟಿಮನೆ ಕಟ್ಟಿದವನ ಕೈಯೂ ಮಲ್ಲಿತಮ್ಮನ ಕೈಯಂಥದೇ.

ಬೇಸಿಗೆಯಲ್ಲಿ ಕಬಿನಿಯ ನೀರು ಎಷ್ಟು ಇಳಿಯುತ್ತದೋ ಅಷ್ಟರಲ್ಲಿ ಕಂಡದ್ದನ್ನೆಲ್ಲ ಪುರಾತತ್ತ್ವ ಇಲಾಖೆ ಅಳೆದು ನಕ್ಷೆ ಬರೆಯಲಿ. ಎತ್ತಂಗಡಿಯಾದವರನ್ನು ಜೊತೆಗೆ ಕರೆದೊಯ್ಯಲಿ. ಯಾವ ಬೀದಿ ಎಲ್ಲಿತ್ತು, ಯಾರ ಮನೆ ಎಲ್ಲಿತ್ತು ಎಂದು ತೋರಿಸಬಲ್ಲವರು ಅವರೇ. ಊರು ಬಿಟ್ಟಾಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ.