ಲಿಂಕ್ ಬೇಡ ಮಾರಾಯ್ರೆ, ಹೆಸರು ಕೊಡಿ

(1)
ಫೋಟೋ ಜೂಮ್ ಮಾಡಿ ನೋಡಿ. ಅದು ಗೊಬ್ಬರದ ಅಂಗಡಿ ಬಿಲ್. ಯೂರಿಯಾ ಅಂತ ಇರಬೇಕಾದ ಕಡೆ ಸಾಲಾಗಿ ಚೌಕ. ಕೊಂಡವರ ಹೆಸರಿನ ಜಾಗದಲ್ಲೂ ಚೌಕ. ಮೊತ್ತ ಮಾತ್ರ ಸರಿ ಬಂದಿದೆ, ಯಾಕಂದ್ರೆ ಅಂಕಿಗಳು ಇಂಗ್ಲಿಷಿನವು.

ರಜೆ ಇದ್ದಾಗ ನಾನು ಕುಪ್ಪಗಡ್ಡೆಯ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೀತೀನಿ. ಬಿಲ್ ಕನ್ನಡದಲ್ಲಿ ಬರ್ಲಿ ಅಂತ ಬಿಸಿಎ ಓದೋ ಗೆಳೆಯನ ಹತ್ರ ಸಣ್ಣ ಪ್ರೋಗ್ರಾಂ ಮಾಡಿಸಿದ್ದು ನಾನೇ. ಕನ್ನಡ ಫಾಂಟನ್ನು ಯಾವುದೋ ಸೈಟಿನ ಲಿಂಕಿನಿಂದ ಪ್ರೋಗ್ರಾಮೇ ಇಳಿಸ್ಕೊಳ್ಳೋ ಹಾಗೆ ಅವನು ಬರೆದಿದ್ದ. ಲಿಂಕಿನ ಕೊನೆಗೆ ‘ಲೇಟೆಸ್ಟ್.ಜಿಪ್’ ಅಂತ ಇತ್ತು. ವರ್ಷ ಪೂರ್ತಿ ಚೆನ್ನಾಗೇ ನಡೀತು.

ಜೂನ್‌ನಲ್ಲಿ ಮಳೆ ಹಿಡಿದ ವಾರ, ಗೋವಿನಜೋಳ ಬಿತ್ತೋರೆಲ್ಲ ಅಂಗಡಿ ಮುಂದೆ ನಿಂತಿದ್ರು. ಹಳೇ ಕಂಪ್ಯೂಟರ್ ಆಗಲೇ ಕೈಕೊಟ್ಟಿದ್ದು. ಹೊಸದಕ್ಕೆ ಪ್ರೋಗ್ರಾಂ ಹಾಕಿದ್ವಿ. ಲಿಂಕ್ ತೆರೀತು, ಫೈಲ್ ಇಳೀತು, ಎಲ್ಲೂ ಎರರ್ ಇಲ್ಲ. ಬಿಲ್ ಮಾತ್ರ ಹೀಗೆ! ಆಮೇಲೆ ಗೊತ್ತಾಯ್ತು: ಅದೇ ಲಿಂಕಿನಲ್ಲಿ ಈಗ ಬೇರೆ ಆವೃತ್ತಿ ಕೂತಿದೆ, ಜಿಪ್ ಒಳಗಿನ ಫೋಲ್ಡರ್ ಹೆಸರು ಬದಲಾಗಿದೆ. ಫಾಂಟ್ ಸಿಗದೆ ನಮ್ಮ ಪ್ರೋಗ್ರಾಂ ಕನ್ನಡವೇ ಇಲ್ಲದ ಯಾವುದೋ ಫಾಂಟ್ ಹಾಕ್ಕೊಂಡು ಸುಮ್ಮನಾಗಿದೆ.

ಒಬ್ಬರು ಅಜ್ಜ ಬಿಲ್ಲನ್ನ ಆ ಕಡೆ ಈ ಕಡೆ ತಿರುಗಿಸಿ ನೋಡಿ ಕೇಳಿದ್ರು, “ತಮ್ಮಾ, ನಂಗೆ ಓದಕ್ಕೆ ಬರಲ್ಲ ಅಂದ್ಕೊಂಡು ಹಿಂಗೆ ಕೊಟ್ಯಾ?”

ಸಂಜೆ ತನಕ ಬಿಲ್ಲನ್ನೆಲ್ಲ ಕೈಯಲ್ಲೇ ಬರೆದೆ. ಉಳಿದದ್ದು ಮುಂದಿನ ಪೋಸ್ಟಲ್ಲಿ, ಇಲ್ಲಿ 2200 ಅಕ್ಷರ ದಾಟಿದ್ರೆ ಆ್ಯಪ್ ಬಿಡಲ್ಲ.

(2)
ಗೆಳೆಯನನ್ನ ಬೈಯೋದು ಸುಲಭ. ಆದ್ರೆ ನಾವೆಲ್ಲ ಮಾಡೋದು ಅದನ್ನೇ. ಕ್ಲಾಸ್ ಗ್ರೂಪಲ್ಲಿ ಯಾರಾದ್ರೂ ‘ಕಾಸ್ಟಿಂಗ್ ನೋಟ್ಸ್ ಯಾವುದು’ ಅಂದ್ರೆ ಒಂದು ಡ್ರೈವ್ ಲಿಂಕ್ ಎಸೀತೀವಿ. ಪರೀಕ್ಷೆ ಹಿಂದಿನ ರಾತ್ರಿ ಅದು ತೆರೆಯಲ್ಲ. ಇಲ್ಲಾಂದ್ರೆ ತೆರೆಯುತ್ತೆ, ಒಳಗಿರೋದು ಬೇರೆ ಸೆಮಿಸ್ಟರಿನದು. ಲಿಂಕ್ ಅನ್ನೋದು ವಿಳಾಸ ಅಷ್ಟೇ. ‘ಬಸ್ ಸ್ಟ್ಯಾಂಡ್ ಹಿಂದಿನ ಮೂರನೇ ಮನೆ’ ಅಂದ ಹಾಗೆ. ಆ ಮನೇಲಿ ಇವತ್ತು ಯಾರಿದಾರೆ ಅಂತ ಅದು ಹೇಳಲ್ಲ.

ತಮಾಷೆ ಏನು ಗೊತ್ತಾ? ಇದಕ್ಕೆ ಉತ್ತರ ಅದೇ ಚೌಕದ ಬಿಲ್ಲಿನ ಮೂಲೆಯಲ್ಲೇ ಇತ್ತು: ಬಿಲ್ ನಂಬರ್.

ಬಿಕಾಂನವರಿಗೆ ಇದು ಗೊತ್ತು, ಉಳಿದವರು ಕೇಳಿ. ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ಲಿನ ನಂಬರ್ 16 ಅಕ್ಷರ ಮೀರಬಾರದು. ಅಕ್ಷರ, ಅಂಕಿ, ಅಡ್ಡಗೆರೆ, ಓರೆಗೆರೆ ಹಾಕಬಹುದು. ಒಂದು ಹಣಕಾಸು ವರ್ಷದಲ್ಲಿ ಅದೇ ನಂಬರ್ ಮತ್ತೆ ಬರಬಾರದು. ಅದಕ್ಕೇ ಎಷ್ಟೋ ಅಂಗಡಿಯವರು ವರ್ಷವನ್ನೂ ನಂಬರಿನೊಳಗೇ ಸೇರಿಸ್ತಾರೆ. ಬೇರೆ ಅಂಗಡಿಯ 41ನೇ ಬಿಲ್ಲಿಗೂ ನಮ್ಮ 41ನೇ ಬಿಲ್ಲಿಗೂ ಗೊಂದಲ ಆಗಲ್ಲ, ಯಾಕಂದ್ರೆ ಮೇಲೆ 15 ಅಕ್ಷರದ ಜಿಎಸ್‌ಟಿ ನಂಬರ್ ಇರುತ್ತೆ. ಕರ್ನಾಟಕದ್ದಾದ್ರೆ 29ರಿಂದ ಶುರು, ಆಮೇಲೆ ಪ್ಯಾನ್. ಇನ್ನೂ ಒಂದಿದೆ: ಬಿಲ್ ರದ್ದಾದ್ರೆ ಆ ನಂಬರನ್ನ ಇನ್ನೊಬ್ಬರಿಗೆ ಕೊಡಲ್ಲ. ಜಿಎಸ್‌ಟಿಆರ್-1ರ 13ನೇ ಕೋಷ್ಟಕದಲ್ಲಿ ಎಷ್ಟು ಬಿಲ್ ಕೊಟ್ರಿ, ಎಷ್ಟು ರದ್ದಾಯ್ತು ಅಂತ ತೋರಿಸಬೇಕು. ಸತ್ತ ನಂಬರಿಗೂ ಲೆಕ್ಕ ಇದೆ.

ಈ ನಂಬರ್ ಯಾವ ಬೀರುವಿನಲ್ಲಿ ಬಿಲ್ ಇದೆ ಅಂತ ಹೇಳಲ್ಲ, ಯಾವ ಬಿಲ್ ಅಂತ ಹೇಳುತ್ತೆ. ಬೀರು ಬದಲಾಯಿಸಿದ್ರೂ ಬಿಲ್ ಅದೇ.

(3)
ಈಗ ಸಾಫ್ಟ್‌ವೇರಿಗೆ ಬನ್ನಿ. ಯುಆರ್‌ಐ ಅಂದ್ರೆ ಒಂದು ವಸ್ತುವನ್ನ ಗುರುತಿಸೋಕೆ ಬರೆಯೋ ಒಂದು ಸಾಲು. ಬ್ರೌಸರಿಗೆ ಹಾಕೋ ಲಿಂಕ್ ಅದರ ಒಂದು ಬಗೆ ಮಾತ್ರ. ಕೋಲನ್‌ಗೆ ಮುಂಚೆ ಬರೋ ಪದಕ್ಕೆ ಸ್ಕೀಮ್ ಅಂತಾರೆ. ನೀವು ದಿನಾ ಒಂದನ್ನ ಸ್ಕ್ಯಾನ್ ಮಾಡ್ತೀರಿ: ಚಹಾ ಅಂಗಡಿಯ ಕ್ಯೂಆರ್ ಒಳಗೆ ‘ಯುಪಿಐ://ಪೇ’ ಅಂತ ಶುರುವಾಗೋ ಸಾಲು ಇರುತ್ತೆ. ಯಾರಿಗೆ ದುಡ್ಡು ಹೋಗ್ಬೇಕು ಅಂತ ಅದು ಹೇಳುತ್ತೆ. ಯಾವ ಆ್ಯಪ್‌ನಿಂದ ಕಳಿಸ್ತೀರಿ ಅನ್ನೋದು ನಿಮಗೆ ಬಿಟ್ಟಿದ್ದು.

ಸಾಫ್ಟ್‌ವೇರ್ ಪ್ಯಾಕೇಜುಗಳ ಭಂಡಾರಕ್ಕೂ ಹೀಗೊಂದು ಸ್ಕೀಮ್ ಬೇಕು ಅನ್ನೋದು ನನ್ನ ವಾದ. ಅದನ್ನ ಮಾಡುವಾಗ ಎಲ್ಲಿ ಎಡವ್ತೀವಿ ಅಂದ್ರೆ, ಯಾವುದಕ್ಕೆ ಹೆಸರಿಡ್ತಿದೀವಿ ಅಂತ ಮೊದಲು ಕೇಳಿಕೊಳ್ಳದೇ ಇರೋದ್ರಲ್ಲಿ. ‘ಗುಬ್ಬಿ’ ಅನ್ನಿ. ಹಕ್ಕಿಯಾ, ತುಮಕೂರು ಜಿಲ್ಲೆಯ ತಾಲ್ಲೂಕಾ, ಕನ್ನಡ ಫಾಂಟಾ? ಫಾಂಟೇ ಅಂತಿಟ್ಕೊಳ್ಳಿ. ಆ ಫಾಂಟ್ ಒಟ್ಟಾರೆನಾ, ಅದರ ಒಂದು ಆವೃತ್ತಿನಾ, ಆ ಆವೃತ್ತಿಯ ಪ್ಯಾಕೇಜಾ, ಪ್ಯಾಕೇಜಿನ ಒಳಗಿರೋ ಫೈಲಾ?

ಪರ್ಲ್ ಭಾಷೆಯವರಿಗೆ 1995ರಿಂದ ಸಿಪಾನ್ ಅನ್ನೋ ಭಂಡಾರ ಇದೆ. ಅದಕ್ಕಾಗಿ ಬರೆದ ಒಂದು ಸ್ಕೀಮಿನಲ್ಲಿ ಇದನ್ನೆಲ್ಲ ಬೇರೆ ಬೇರೆ ಮಾಡಿದಾರೆ: ಬರೆದವರಿಗೆ ಒಂದು ರೂಪ, ಕೃತಿಗೆ ಇನ್ನೊಂದು, ನಿರ್ದಿಷ್ಟ ಆವೃತ್ತಿಯ ಫೈಲಿಗೆ ಮತ್ತೊಂದು, ಒಳಗಿನ ಮಾಡ್ಯೂಲಿಗೆ ಮಗದೊಂದು. ನಂಗೆ ಇದು ತುಂಬ ಇಷ್ಟ. ‘ಇದರ ಹೊಸದು ಯಾವುದಿದ್ರೂ ಸರಿ’ ಅನ್ನೋದಕ್ಕೂ ‘ಇದೇ ಬೇಕು’ ಅನ್ನೋದಕ್ಕೂ ಬರೆಯೋ ರೀತಿಯೇ ಬೇರೆ. ನಮ್ಮ ‘ಲೇಟೆಸ್ಟ್.ಜಿಪ್’ ಮೊದಲನೇದನ್ನ ಹೇಳ್ತಿತ್ತು, ನಮಗೆ ಬೇಕಿದ್ದದ್ದು ಎರಡನೇದು.

ಇನ್ನೂ ಅಗಲವಾದ್ದು ಪರ್ಲ್, ಅಂದ್ರೆ ಪ್ಯಾಕೇಜ್ ಯುಆರ್‌ಎಲ್. (ಉಚ್ಚಾರಣೆ ಆ ಭಾಷೆಯದ್ದೇ, ಹೆಸರಿಡೋ ಬಗ್ಗೆ ಮಾತಾಡೋರೂ ಹೀಗೆ ಮಾಡ್ತಾರೆ 😅) ಅದರಲ್ಲಿ ಡೆಬಿಯನ್ನಿನ ಗುಬ್ಬಿ ಫಾಂಟ್ ಸುಮಾರು ಹೀಗಿರುತ್ತೆ: ಪಿಕೆಜಿ:ಡೆಬ್/ಡೆಬಿಯನ್/ಫಾಂಟ್ಸ್-ಗುಬ್ಬಿ, ಆಮೇಲೆ @ ಹಾಕಿ ಆವೃತ್ತಿ. ಒಳಗಿನ ಒಂದೇ ಫೈಲ್ ಬೇಕಿದ್ರೆ # ಹಾಕಿ ದಾರಿ. ಇದರಲ್ಲಿ ಯಾವ ಸೈಟಿನ ವಿಳಾಸವೂ ಇಲ್ಲ ಅನ್ನೋದನ್ನ ಗಮನಿಸಿ.

(4)
ಇದೆಲ್ಲ ಬೆಂಗಳೂರಿನ ಕಂಪನಿಯೋರ ತಲೆನೋವು ಅನ್ಕೊಂಡ್ರಾ? ನಮ್ಮ ತಾಲ್ಲೂಕಿನ ಕಲ್ಲುಗಳು ಇದನ್ನ ಯಾವಾಗಲೋ ನೋಡಿವೆ.

ಬಿ. ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಾಸನಗಳಿಗೆ ತಾಲ್ಲೂಕುವಾರು ನಂಬರ್ ಕೊಟ್ರು. ಶಿಕಾರಿಪುರ 1902ರ 7ನೇ ಸಂಪುಟದಲ್ಲಿದೆ, ಸೊರಬ 1904ರ 8ನೇ ಸಂಪುಟದಲ್ಲಿ. ತಾಳಗುಂದದ ಕದಂಬರ ಸ್ತಂಭ ಶಾಸನಕ್ಕೆ ‘ಸಂಪುಟ 7, ಶಿಕಾರಿಪುರ 176’ ಅಂದ್ರೆ ಸಾಕು, ಇತಿಹಾಸದೋರು ಇವತ್ತಿಗೂ ಅದನ್ನೇ ಬರೀತಾರೆ. ಹುಂಚದ ಶಾಸನಗಳು ಅದೇ 8ನೇ ಸಂಪುಟದಲ್ಲಿ ‘ನಗರ’ ತಾಲ್ಲೂಕಿನ ಲೆಕ್ಕದಲ್ಲಿವೆ. ಈಗ ಆ ತಾಲ್ಲೂಕು ಹೊಸನಗರ. ಆದ್ರೂ ಉಲ್ಲೇಖ ‘ನಗರ’ ಅಂತಲೇ ಉಳಿದಿದೆ. ಹೆಸರಿನೊಳಗೆ ಜಾಗ ಸೇರಿಸಿದ್ರೆ ಹೀಗಾಗುತ್ತೆ. ಜಾಗದ ಹೆಸರು ಬದಲಾದ್ರೂ ಉಲ್ಲೇಖ ಮುಟ್ಟದೇ ಬಿಟ್ಟಿದ್ದಕ್ಕೆ ಬಚಾವ್.

ಸೊರಬದ ಸಂಕ್ಷೇಪ ಇಂಗ್ಲಿಷಿನಲ್ಲಿ ‘ಎಸ್‌ಬಿ’. ಶ್ರವಣಬೆಳಗೊಳಕ್ಕೂ ‘ಎಸ್‌ಬಿ’! ಒಂದರಲ್ಲಿ ಎರಡನೇ ಅಕ್ಷರ ಚಿಕ್ಕದು, ಇನ್ನೊಂದರಲ್ಲಿ ದೊಡ್ಡದು. ಸಂಪುಟದ ನಂಬರ್ ಬಿಟ್ಟು ಬರೆದ್ರೆ ಓದೋನು ಹಾಸನ ಜಿಲ್ಲೆಗೆ ಹೋಗ್ತಾನೆ. ಮುಂದೆ ಸಂಪುಟ ಇರಲೇಬೇಕು, ಮುಂದೆ ಸ್ಕೀಮ್ ಇರಲೇಬೇಕು ಅನ್ನೋದು ಇದಕ್ಕೇ.

ಶ್ರವಣಬೆಳಗೊಳದ ಕಥೆ ಇನ್ನೂ ಉದ್ದ. ರೈಸ್ ಅವರ 1889ರ ಪುಸ್ತಕದಲ್ಲಿ 144 ಶಾಸನ. ಆರ್. ನರಸಿಂಹಾಚಾರ್ 1923ರಲ್ಲಿ ಪರಿಷ್ಕರಿಸಿದಾಗ 500. 1973ರ ಆವೃತ್ತಿಯಲ್ಲಿ 573. ಹೊಸವು ಸೇರಿದ್ದು ಸಂತೋಷವೇ, ಆದ್ರೆ ಸೇರಿಸುವಾಗ ಹಳೇ ಕಲ್ಲುಗಳ ನಂಬರೂ ಬದಲಾದವು. ಒಂದೇ ಕಲ್ಲಿಗೆ ಮೂರು ನಂಬರ್. ಅದಕ್ಕೇ ವಿದ್ವಾಂಸರು ಯಾವ ಆವೃತ್ತಿ ಅಂತಲೂ ಬರೀಬೇಕಾಯ್ತು. ಕಲ್ಲು ಕೂತಲ್ಲೇ ಕೂತಿತ್ತು. ತಲೆಬಿಸಿ ಎಲ್ಲ ನಂಬರ್ ಹಾಕೋದ್ರಲ್ಲಿ.

(5)
ಬಿಸಿಎ ಗೆಳೆಯ ಇದನ್ನೆಲ್ಲ ಕೇಳಿ, “ಅಷ್ಟೆಲ್ಲ ಎಂತಕ್ಕೆ ಮಾರಾಯ, ಹ್ಯಾಶ್ ಹಾಕಿದ್ರಾಯ್ತು” ಅಂದ. ಫೈಲಿನ ಒಳಗಿರೋದ್ರಿಂದಲೇ ಲೆಕ್ಕ ಹಾಕಿ ಬರೋ ಉದ್ದ ಗುರುತು ಅದು. ಒಂದು ಅಕ್ಷರ ಬದಲಾದ್ರೂ ಗುರುತೇ ಬೇರೆ. ಸಾಫ್ಟ್‌ವೇರ್ ಹೆರಿಟೇಜ್ ಅನ್ನೋ ಸಂಗ್ರಹ ಇದೇ ದಾರಿ ಹಿಡಿದಿದೆ. ಒಪ್ತೀನಿ, ಮೋಸ ಆಗಲ್ಲ. ಆದ್ರೆ ಆ ಉದ್ದದ ಗುರುತನ್ನ ಫೋನಲ್ಲಿ ಯಾರಿಗಾದ್ರೂ ಓದಿ ಹೇಳಿ ನೋಡಣ! ಹೊಸ ಆವೃತ್ತಿ ಬಂದಾಗ ಅದು ಇದರದ್ದೇ ಮುಂದಿನದು ಅಂತಲೂ ಆ ಗುರುತು ಹೇಳಲ್ಲ. ಹೆಸರು ಮನುಷ್ಯರಿಗೆ, ಹ್ಯಾಶ್ ಪರೀಕ್ಷೆಗೆ. ಎರಡೂ ಇರ್ಲಿ, ಮುಂದೆ ನಿಲ್ಲಬೇಕಾದ್ದು ಹೆಸರು.

ಅವನ ಇನ್ನೊಂದು ಮಾತಿಗೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಹೆಸರಿದ್ರೂ ಅದನ್ನ ಕೇಳಿದಾಗ ಫೈಲ್ ಕೊಡೋಕೆ ಯಾರಾದ್ರೂ ಇರಬೇಕಲ್ಲ? ಹೌದು. 2016ರ ಮಾರ್ಚಲ್ಲಿ ಎನ್‌ಪಿಎಂ ಭಂಡಾರದಿಂದ ‘ಲೆಫ್ಟ್-ಪ್ಯಾಡ್’ ಅನ್ನೋ 11 ಸಾಲಿನ ಪ್ಯಾಕೇಜನ್ನ ಬರೆದವನೇ ತೆಗೆದುಬಿಟ್ಟ. ಅದನ್ನ ನಂಬಿದ್ದ ಎಷ್ಟೋ ಪ್ರೋಗ್ರಾಂ ಕಟ್ಟೋಕಾಗದೆ ನಿಂತವು. ಜಗಳ ಶುರುವಾಗಿದ್ದು ಅವನದ್ದೇ ಬೇರೊಂದು ಪ್ಯಾಕೇಜಿನ ಹೆಸರಿಗೆ ಅನ್ನೋದು ಮಜಾ. ಈಗ ಅಲ್ಲಿ ಒಂದು ಆವೃತ್ತಿ ತೆಗೆದ್ರೂ ಅದೇ ಹೆಸರು, ಅದೇ ಆವೃತ್ತಿ ಸಂಖ್ಯೆಯಲ್ಲಿ ಬೇರೆ ಏನೂ ಹಾಕೋಕಾಗಲ್ಲ. ನಮ್ಮ ರದ್ದಾದ ಬಿಲ್ ಥರಾನೇ. ಸಿಪಾನ್‌ನಿಂದ ತೆಗೆದದ್ದು ಬ್ಯಾಕ್‌ಪಾನ್‌ನಲ್ಲಿ ಉಳಿಯುತ್ತೆ. ಡೆಬಿಯನ್‌ನವರು 2005ರಿಂದ ಹಳೇ ಪ್ಯಾಕೇಜುಗಳನ್ನ ದಿನಾಂಕದ ಜೊತೆ ಇಟ್ಟಿದಾರೆ. ಇದು ಲೈಬ್ರರಿ ಕೆಲಸ, ದುಡ್ಡು ಬೇಕು, ಬೇಜಾರಿನ ಕೆಲಸ. ಆದ್ರೆ ಸರಿಯಾದ ಹೆಸರಿದ್ರೆ ಒಬ್ಬರು ಅಂಗಡಿ ಮುಚ್ಚಿದ್ರೂ ಇನ್ನೊಬ್ಬರ ಹತ್ರ ಅದನ್ನೇ ಕೇಳಬಹುದು. ಬರೀ ಲಿಂಕ್ ಇದ್ರೆ ಏನು ಕೇಳ್ಬೇಕು ಅಂತಲೇ ಗೊತ್ತಿರಲ್ಲ. ನಮಗಾಗಿದ್ದು ಅದೇ: ಹಳೇ ಫಾಂಟಿನ ಆವೃತ್ತಿ ಯಾವುದು ಅಂತ ಎಲ್ಲೂ ಬರೆದಿರಲಿಲ್ಲ. ಕೊನೆಗೆ ಹಳೇ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಬಿಚ್ಚಿ ಹುಡುಕಿದ್ವಿ.

ಈಗ ಪ್ರೋಗ್ರಾಮಿನಲ್ಲಿ ಆ ಜಾಗದಲ್ಲಿ ಭಂಡಾರದ ಹೆಸರು, ಪ್ಯಾಕೇಜಿನ ಹೆಸರು, ಆವೃತ್ತಿ, ಒಳಗಿನ ಫೈಲ್ ಇದೆ. ಕೆಳಗೆ ಹ್ಯಾಶ್. ಎಲ್ಲಿಂದ ತರಬೇಕು ಅನ್ನೋದು ಬೇರೆ ಫೈಲಲ್ಲಿ, ಬೇಕಾದಾಗ ಬದಲಾಯಿಸಬಹುದು. ಫಾಂಟ್ ಸಿಗದಿದ್ರೆ ಬಿಲ್ಲೇ ಬರಲ್ಲ, ಚೌಕ ಬರೋದಕ್ಕಿಂತ ಅದು ವಾಸಿ.

ಮೊನ್ನೆ ಆ ಅಜ್ಜ ಮತ್ತೆ ಬಂದಿದ್ರು. ಬಿಲ್ ಕೊಟ್ಟೆ. ಕನ್ನಡಕ ಹಾಕ್ಕೊಂಡು ಸಾವಕಾಶ ಓದಿ, “ಯೂರಿಯಾ ಒಂದು ಚೀಲ ಜಾಸ್ತಿ ಬರ್ದಿದೀಯಲ್ಲೋ” ಅಂದ್ರು. ನಿಜ, ತಪ್ಪು ನಂದೇ. ಆ ಬಿಲ್ ರದ್ದು ಮಾಡಿ ಮುಂದಿನ ನಂಬರಿನದು ಕೊಟ್ಟೆ.